ಬೂದಿಯ ಎಡಗಿವಿ

ಹತ್ತಿಯಕ್ಕನ ಹಾಸಿಗೆ ಅಂಗಡಿಯ ಮಧ್ಯಾಹ್ನ ಬೇರೆಯವರ ಮಧ್ಯಾಹ್ನದ ಹಾಗಲ್ಲ. ಊಟದ ಹೊತ್ತಿಗೆ ಹಿಂಜುವ ಯಂತ್ರ ನಿಂತರೂ ಅರಳೆ ಮಾತ್ರ ನೆಲಕ್ಕಿಳಿಯೋಕೆ ಒಪ್ಪುವುದಿಲ್ಲ. ಬಾಗಿಲಿನ ಬಿಸಿಲಲ್ಲಿ ತೇಲಾಡಿಕೊಂಡೇ ಇದ್ದು ಅಕ್ಕನ ತಲೆಗೂದಲಿಗೆ, ಅವಳ ಗಂಡನ ಹುಬ್ಬಿಗೆ, ಗೋಡೆಗೆ ಒರಗಿಸಿಟ್ಟ ಹಾಸಿಗೆಗಳಿಗೆ ಮೆತ್ತಿಕೊಳ್ಳುತ್ತದೆ. ಆ ಹೊತ್ತಲ್ಲಿ ಕಾಲಿಟ್ಟ ಗಿರಾಕಿ ಕೂಡ ದನಿ ತಗ್ಗಿಸಿಯೇ ಮಾತಾಡುತ್ತಾನೆ, ಯಾಕೆ ಅಂತ ಅವನಿಗೂ ಗೊತ್ತಿರುವುದಿಲ್ಲ. ದಬ್ಬಣ ಹಿಡಿದ ಅಕ್ಕನ ಕೈ ಹೊಲಿಯುತ್ತಲೇ ಇರುತ್ತದೆ, ಕಣ್ಣು ಎಲ್ಲೋ ಹೋಗಿರುತ್ತದೆ. ಹತ್ತಿಯ ರಾಶಿ ಒಂದು ಕಡೆ ಮೆಲ್ಲಗೆ ಉಬ್ಬುತ್ತದೆ, ಇಳಿಯುತ್ತದೆ. ಅದು ಬೆಕ್ಕು. ಆಚೆ ಕಡೆ ಉಬ್ಬಿ ಇಳಿಯುವುದು ಇನ್ನೊಂದು ಬೆಕ್ಕು. ಒಮ್ಮೆ ಅಕ್ಕ ನಿದ್ದೆಗಣ್ಣಲ್ಲಿ ದಿಂಬಿನ ಚೀಲಕ್ಕೆ ಹತ್ತಿಯ ಜೊತೆ ಒಂದು ಬೆಕ್ಕನ್ನೂ ತುಂಬಿಬಿಟ್ಟಿದ್ದಳು. ಆ ಬೆಕ್ಕು ಕಮಕ್ ಕಿಮಕ್ ಅನ್ನಲಿಲ್ಲ ಅಂದರೆ ಅಲ್ಲಿನ ನಿದ್ದೆ ಎಂಥದ್ದು ಅಂತ ನೀವೇ ಲೆಕ್ಕ ಹಾಕಿ!

ಇಷ್ಟು ನಿದ್ದೆ ತುಂಬಿ ತುಳುಕುವ ಮನೆಯ ಮಹಡಿಯ ಮೇಲೆ, ಕಣ್ಣಿಗೆ ನಿದ್ದೆ ಹತ್ತದ ಒಬ್ಬ ಮನುಷ್ಯ ಇದ್ದರು. ಅಕ್ಕನ ಭಾವ, ಅಂದರೆ ಅವಳ ಗಂಡನ ಅಣ್ಣ. ಆಯುಷ್ಯವೆಲ್ಲ ಗೂಡ್ಸ್ ರೈಲು ಓಡಿಸಿದವರು. ಊರೆಲ್ಲ ಮಲಗಿದಾಗ ಅವರಿಗೆ ಡ್ಯೂಟಿ, ಊರೆಲ್ಲ ಎದ್ದಾಗ ಅವರಿಗೆ ನಿದ್ದೆ. ಅವರ ಹೆಂಡತಿ ಇದ್ದಷ್ಟು ಕಾಲವೂ ಬೆಳಗ್ಗೆ ಬೀದಿಗೆ ಬಂದು, ತರಕಾರಿ ಗಾಡಿಯವನಿಂದ ಹಿಡಿದು ಕಾಗೆಯವರೆಗೆ ಎಲ್ಲರಿಗೂ "ಶ್‌, ನಮ್ಮನೆಯವರು ಮಲಗಿದಾರೆ" ಅಂತ ಬೆರಳು ತೋರಿಸಿ ಹೋಗುತ್ತಿದ್ದರು. ಭಾವನಿಗೆ ಪೆನ್ಷನ್ ಆಗಿ, ಎಲ್ಲರ ಹಾಗೆ ರಾತ್ರಿ ಮಲಗೋ ಭಾಗ್ಯ ಬಂತು ಅನ್ನುವಷ್ಟರಲ್ಲಿ ಆಕೆ ತೀರಿಕೊಂಡರು. ಅಲ್ಲಿಂದ ಶುರುವಾಯಿತು ನೋಡಿ ಭಾವನ ಜಾಗರಣೆ.

ಹಾಸಿಗೆ ಗಟ್ಟಿ ಅಂದರು. ಅಕ್ಕ ಹಾಸಿಗೆ ಬಿಚ್ಚಿ, ಹತ್ತಿಯನ್ನು ಹೊಸದಾಗಿ ಹಿಂಜಿ, ಮತ್ತೆ ಹೊಲಿದು ಕೊಟ್ಟಳು. ಮೆತ್ತಗಾಯಿತು ಅಂದರು. ಮತ್ತೆ ಬಿಚ್ಚಿದಳು. ದಿಂಬು ಎತ್ತರ, ದಿಂಬು ತಗ್ಗು. ಅಕ್ಕನ ಗಂಡ ಯಂತ್ರ ತಿರುಗಿಸುತ್ತಾ, "ಅಣ್ಣನ ಹಾಸಿಗೆಗೆ ಗುಂಡಿ ಇಡೋಣ ಕಣೇ, ಅಂಗಿ ಹಾಗೆ ದಿನಾ ಬಿಚ್ಚಿ ಹಾಕಬಹುದು" ಅನ್ನುತ್ತಿದ್ದ. ಅವನಿಗೆ ಎಲ್ಲವೂ ತಮಾಷೆ. ಮನೆಗೆ ಬೆಂಕಿ ಬಿದ್ದರೂ ಚಳಿ ಕಾಯಿಸಿಕೊಳ್ಳೋಣ ಅನ್ನೋ ಪೈಕಿ.

ಕೊನೆಗೆ ಭಾವ ತಪ್ಪನ್ನೆಲ್ಲ ಬೆಕ್ಕುಗಳ ತಲೆಗೆ ಕಟ್ಟಿದರು. ಕಟ್ಟಿದ್ದು ಸುಳ್ಳೂ ಅಲ್ಲ ಬಿಡಿ. ಬೆದೆಗೆ ಬಂದ ಬೆಕ್ಕುಗಳು ರಾತ್ರಿಯಿಡೀ ಮಾಡಿನ ಮೇಲೆ ಕೂಸು ಅತ್ತ ಹಾಗೆ ಅಳುತ್ತಿದ್ದವು. ಗಂಡುಗಳ ಕಾದಾಟ ಬೇರೆ. ಬೇಕರಿಯವನ ಹಿಟ್ಟಿನ ಕೋಣೆಯಲ್ಲಿ ವರ್ಷಕ್ಕೆ ಎರಡು ಸಲ ಮರಿ. ಬೇಕರಿಯವನೂ ಭಾವನೂ ಸೇರಿ ಒಬ್ಬ ವ್ಯಾನಿನವನನ್ನು ಗೊತ್ತುಮಾಡಿದರು. ಅವನು ಬೆಕ್ಕುಗಳನ್ನು ಗೋಣಿಚೀಲದಲ್ಲಿ ತುಂಬಿ ಊರಾಚೆಯ ಕಲ್ಲುಗಣಿಯಲ್ಲಿ ಸುರಿದು ಬರುವವನು. ಅಲ್ಲಿ ನೀರಿಲ್ಲ, ನೆರಳಿಲ್ಲ, ಇರುವುದು ಹಸಿದ ನಾಯಿಗಳು. ಅದನ್ನು ಕೇಳಿದ ಹತ್ತಿಯಕ್ಕ ಕೈಯಲ್ಲಿದ್ದ ದಬ್ಬಣ ಬಿಟ್ಟು ಬೇಕರಿಯ ಮುಂದಕ್ಕೆ ಓಡಿದಳು.

"ಭಾವ, ನನಗೆ ಸ್ವಲ್ಪ ಕಾಲಾವಕಾಶ ಕೊಡಿ" ಅಂದಳು. "ಒಂದೊಂದಾಗಿ ಹಿಡಿದು ಆಪರೇಷನ್ ಮಾಡಿಸ್ತೀನಿ. ಮರಿನೂ ಇರಲ್ಲ, ಕೂಗೂ ಇರಲ್ಲ."

"ಮಾಡಿಸಿ?"

"ಮತ್ತೆ ಇಲ್ಲೇ ಬಿಡ್ತೀನಿ."

"ಇಲ್ಲೇ!" ಭಾವ ಹುಬ್ಬು ಗಂಟಿಕ್ಕಿದರು. ಬೀದಿಯವರೆಲ್ಲ ಬೇಕರಿ ಮುಂದೆ ನಿಂತು ಕೇಳುತ್ತಿದ್ದರು. "ಆಯ್ತಮ್ಮ, ನಿನ್ನ ಮಾತೇ ಆಗಲಿ. ಆದರೆ ಇದಾದ ಮೇಲೆ ಇಲ್ಲಿ ಒಂದೇ ಒಂದು ಮರಿ ಕಂಡರೂ ವ್ಯಾನು ಬರುತ್ತೆ, ಎಲ್ಲ ಬೆಕ್ಕೂ ಹೋಗ್ತವೆ. ಆಮೇಲೆ ನನ್ನ ಮುಂದೆ ಅಳಬೇಡ."

"ಅಳಲ್ಲ" ಅಂದಳು ಅಕ್ಕ. ಅನ್ನುವಾಗಲೇ ಕಣ್ಣು ತುಂಬಿತ್ತು.

ಪಶುವೈದ್ಯೆ ಡಾಕ್ಟರಮ್ಮ ತಂತಿಯ ಬೋನು ಕೊಟ್ಟಳು. "ಇರೋ ಬೆಕ್ಕುಗಳನ್ನ ಸಾಗಿಸಿದರೆ ಜಾಗ ಖಾಲಿಯಾಯ್ತು ಅಂತ ಪಕ್ಕದ ಬೀದಿಯವು ಬಂದು ಕೂರ್ತವೆ, ಮೊದಲಿಂದ ಅದೇ ರಾಮಾಯಣ. ಇವೇ ಇರಲಿ, ಮರಿ ಮಾತ್ರ ಬೇಡ" ಅಂದಳು. ಹಿಡಿಯುವ ಉಪಾಯವನ್ನೂ ಹೇಳಿಕೊಟ್ಟಳು. ಮೊದಲು ಬೋನಿನ ಬಾಗಿಲನ್ನು ಬೀಳದ ಹಾಗೆ ಕಟ್ಟಿಟ್ಟು, ಸಂಜೆಯ ಊಟವನ್ನು ಅದರೊಳಗೇ ಇಡುತ್ತಾ ಬರಬೇಕು. ಬೆಕ್ಕಿಗೆ ಅದು ಊಟದ ಮನೆ ಅನ್ನಿಸಬೇಕು. ಹಾಗೆ ಅನ್ನಿಸಿದ ಮೇಲೆ ಒಂದು ಸಂಜೆ ಕಟ್ಟು ಬಿಚ್ಚುವುದು. ಬಾಗಿಲು ಬಿದ್ದೊಡನೆ ಬೋನಿನ ಮೇಲೆ ಬಟ್ಟೆ ಹೊದಿಸಬೇಕು. ಕತ್ತಲಾದರೆ ಬೆಕ್ಕಿನ ಗಾಬರಿ ಇಳಿಯುತ್ತದೆ.

ಹೊದಿಕೆಗೆ ಅಕ್ಕನ ಹತ್ತಿರ ಬರವೇ? ಹಾಸಿಗೆಯ ಪಟ್ಟೆ ಬಟ್ಟೆಯಲ್ಲೇ ಬೋನಿಗೆ ಗವಸು ಹೊಲಿದಳು, ಒಳಗಡೆ ತೆಳ್ಳಗೆ ಹತ್ತಿ ಇಟ್ಟು. ಒಳಗೆ ರಂಪ ಮಾಡುತ್ತಿದ್ದ ಬೆಕ್ಕು ಅದು ಮೇಲೆ ಬೀಳುತ್ತಲೇ ತೆಪ್ಪಗಾಗುತ್ತಿತ್ತು. ಆಗ ಅಕ್ಕ ಪಕ್ಕದಲ್ಲಿ ಕೂತು ಬಟ್ಟೆಗೆ ಕಿವಿಯಿಟ್ಟು ಅದರ ಉಸಿರು ಕೇಳುತ್ತಿದ್ದಳು. ಎಷ್ಟೋ ಸಲ ಹಾಗೆಯೇ ತೂಕಡಿಸುತ್ತಿದ್ದಳು. ಆ ತೂಕಡಿಕೆಯಲ್ಲಿ ಬೀದಿಯೆಲ್ಲ ಒಂದು ಹಾಸಿಗೆಯಾಗಿ, ಮನೆಗಳೆಲ್ಲ ದಿಂಬುಗಳಾಗಿ, ಯಾರೋ ದೊಡ್ಡವರು ಮೇಲಿಂದ ಪಟ್ಟೆ ಬಟ್ಟೆ ಹೊದಿಸಿದ ಹಾಗೆ ಅನ್ನಿಸುತ್ತಿತ್ತು. ಬೆಳಗ್ಗೆ ಗಂಡ ಸೈಕಲ್ಲಿನ ಹಿಂದೆ ಬೋನು ಕಟ್ಟಿಕೊಂಡು, "ಮದುಮಗಳನ್ನ ಕಳಿಸಿಕೊಟ್ಟು ಬರ್ತೀನಿ" ಅಂತ ಡಾಕ್ಟರಮ್ಮನ ಹತ್ತಿರ ಹೊರಡುತ್ತಿದ್ದ.

ಆಪರೇಷನ್ ಆದ ಬೆಕ್ಕಿಗೆ ಒಂದು ಗುರುತುಂಟು. ಮತ್ತಿನಲ್ಲಿರುವಾಗಲೇ ಡಾಕ್ಟರಮ್ಮ ಅದರ ಎಡಗಿವಿಯ ತುದಿಯನ್ನು ನೆಟ್ಟಗೆ ಕತ್ತರಿಸಿ ಬಿಡುತ್ತಾಳೆ. ಅದಕ್ಕೆ ನೋವಾಗುವುದಿಲ್ಲ. ಆಮೇಲೆ ದೂರದಿಂದ ನೋಡಿದರೂ ಗೊತ್ತಾಗುತ್ತದೆ, ಇದರದ್ದು ಆಗಿದೆ, ಇದನ್ನು ಮತ್ತೆ ಹಿಡಿದು ಗೋಳುಹುಯ್ದುಕೊಳ್ಳಬೇಡಿ ಅಂತ. ಅಕ್ಕನಿಗೆ ಈ ಗುರುತು ಎಷ್ಟು ಒಗ್ಗಿತು ಅಂದರೆ, ಬೆಕ್ಕಿನ ಮುಖ ನೋಡುವುದನ್ನೇ ಬಿಟ್ಟಳು. ಸಂಜೆ ಊಟಕ್ಕೆ ಬಂದವುಗಳ ಹಿಂದೆ ನಿಂತು ಕಿವಿಗಳನ್ನಷ್ಟೇ ನೋಡುವುದು. ತುದಿ ಇದೆಯೋ, ಇವತ್ತು ನಿನ್ನ ಸರದಿ. ತುದಿ ಇಲ್ಲವೋ, ತಿಂದು ಹೋಗು ಕಂದ. ಬೂದಿ ಬಣ್ಣದ ಒಂದು ಹೆಣ್ಣು ಬೆಕ್ಕು ಒಮ್ಮೆ ತಾನಾಗಿಯೇ ಬೋನಿಗೆ ಹೊಕ್ಕು ಕೂತಿತ್ತು. ಅಕ್ಕ ಅದರ ಮೊಟಕು ಕಿವಿ ನೋಡಿ, "ನಿಂದಾಗಿದೆಯಲ್ಲೇ ಬೂದಿ, ಬೇರೆಯವರಿಗೆ ಜಾಗ ಬಿಡು" ಅಂತ ಹೊರಗೆ ಕಳಿಸಿದ್ದಳು. ಅಯ್ಯೋ ಪುಣ್ಯಾತ್ಗಿತ್ತಿ, ಒಂದು ಸಲ ಬಗ್ಗಿ ನೋಡಬಾರದಿತ್ತೇ!

ಕಾಲ ಉರುಳಿತು. ಬೀದಿ ಮೆಲ್ಲಮೆಲ್ಲಗೆ ಮೌನವಾಯಿತು. ಮಾಡಿನ ಮೇಲೆ ಅಳು ನಿಂತಿತು, ಕಾದಾಟ ನಿಂತಿತು. ಯಾವಾಗಲೋ ಒಮ್ಮೆ ಒಂದು ಬೆಕ್ಕು ಕೂಗಿದ್ದುಂಟು, ಪಕ್ಕದ ಬೀದಿಯದಿರಬೇಕು ಅಂದುಕೊಂಡರು. ಬೆಕ್ಕುಗಳು ಗೋಡೆಗಳ ಮೇಲೆ ಬಿಸಿಲು ಕಾಯುತ್ತಾ ದುಂಡಗಾದವು. ಭಾವ ಬೆಳಗ್ಗೆ ಇಳಿದು ಬಂದರೆ ಅಕ್ಕ ಜೀವ ಹಿಡಿದು ಕೇಳುವಳು, "ನಿದ್ದೆ ಬಂತಾ ಭಾವ?"

"ಭರ್ಜರಿ" ಅನ್ನುವರು ಭಾವ, ಚಹಾ ಲೋಟದೊಳಗೆ ನೋಡುತ್ತಾ.

ಅಕ್ಕ ಗೆದ್ದೆ ಅಂದುಕೊಂಡಳು. ಹತ್ತಿ ಹಗುರವೋ ತಾನು ಹಗುರವೋ ಅನ್ನುವಂತೆ ಓಡಾಡಿದಳು. ಒಂದೇ ಒಂದು ವಿಚಿತ್ರ ಅಂದರೆ, ಭಾವ ಹಾಸಿಗೆ ಕೊಡುವುದನ್ನು ನಿಲ್ಲಿಸಿಬಿಟ್ಟಿದ್ದರು. "ಕೊಡಿ ಭಾವ, ಹಿಂಜಿ ಕೊಡ್ತೀನಿ" ಅಂದರೆ ಸುತರಾಂ ಒಪ್ಪರು. "ಚೆನ್ನಾಗೇ ಇದೆ, ಮುಟ್ಟಬೇಡ." ಕೋಣೆಗೇ ಬಿಟ್ಟುಕೊಳ್ಳರು. ಬಾಗಿಲಲ್ಲೇ ನಿಂತು ಮಾತು ಮುಗಿಸುವರು.

ಅಕ್ಕ ಹಟಮಾರಿ. ಒಂದು ಮಧ್ಯಾಹ್ನ, ಯಂತ್ರ ನಿಂತು ಅರಳೆ ತೇಲುತ್ತಿದ್ದ ಹೊತ್ತಿನಲ್ಲಿ, ಹಾಸಿಗೆ ಹೊತ್ತುಕೊಂಡೇ ಬರುವುದು ಅಂತ ಮೆಟ್ಟಿಲು ಹತ್ತಿದಳು. ಬಾಗಿಲು ತಳ್ಳಿದರೆ ತೆರೆಯಿತು. ಕಿಟಕಿಯ ಪರದೆ ಒಳಕ್ಕೂ ಹೊರಕ್ಕೂ ನಿಧಾನವಾಗಿ ಉಸಿರಾಡುತ್ತಿತ್ತು. ಭಾವ ಪಕ್ಕಕ್ಕೆ ತಿರುಗಿ, ಮಂಡಿ ಮಡಿಸಿ ಗಾಢವಾಗಿ ಮಲಗಿದ್ದರು. ಅವರ ಬಾಯಿ ಮಗುವಿನ ಹಾಗೆ ತೆರೆದಿತ್ತು. ಅವರು ನಿದ್ದೆ ಮಾಡಿದ್ದನ್ನು ಅಕ್ಕ ಕಣ್ಣಾರೆ ನೋಡಿ ಎಷ್ಟು ಕಾಲವಾಗಿತ್ತೋ! ಹಾಗೇ ನಿಂತು ನೋಡಿದಳು. ಮಡಿಸಿದ ಮಂಡಿಗಳ ಹಿಂದಿನ ಗೂಡಿನಲ್ಲಿ ಬೂದಿ ಮಲಗಿತ್ತು. ಬೂದಿಯ ಹೊಟ್ಟೆಗೆ ಅಂಟಿಕೊಂಡು ಇನ್ನೂ ಕಣ್ಣು ಬಿಡದ, ಇಲಿಯಷ್ಟು ಇಲಿಯಷ್ಟು ಮರಿಗಳು ಅಲುಗುತ್ತಿದ್ದವು.

ಅಕ್ಕ ಕನಸಿರಬೇಕು ಅಂತ ಕಣ್ಣುಜ್ಜಿಕೊಂಡಳು, ರೆಪ್ಪೆಯಿಂದ ಹತ್ತಿ ಉದುರಿತು, ಮರಿಗಳು ಮಾತ್ರ ಅಲ್ಲೇ ಇದ್ದವು. ಬಗ್ಗಿದಳು. ಆಗ ಮೊದಲ ಸಲ ಆ ಕಿವಿಯನ್ನು ಹತ್ತಿರದಿಂದ ನೋಡಿದಳು. ನೆಟ್ಟಗಿನ ಕತ್ತರಿಯ ಗೆರೆ ಅಲ್ಲ ಅದು. ಓರೆಕೋರೆಯಾಗಿ ಹರಿದುಹೋದದ್ದು.

"ಕಿಟಕಿ ಬಾಗಿಲಿಗೆ ಸಿಕ್ಕಿಕೊಂಡಿತ್ತು."

ಭಾವ ಎಚ್ಚರವಾಗಿದ್ದರು. ಕಾಲು ಮಾತ್ರ ಒಂಚೂರೂ ಅಲ್ಲಾಡಿಸಿರಲಿಲ್ಲ.

"ನೀನು ಬೋನು ತರೋಕೆ ಮುಂಚೆ" ಅಂದರು. "ಕಿಟಕಿಯಲ್ಲಿ ಕೂತು ಕೂಗ್ತಿತ್ತು. ಸಿಟ್ಟಲ್ಲಿ ಬಾಗಿಲು ಬಡಿದೆ. ಕಿವಿ ಹರೀತು. ರಕ್ತ ಸುರಿಸ್ತಾ ಓಡಿಹೋಯ್ತು. ಮಾರನೇ ದಿನ ಮುಲಾಮು ಹಿಡಿದು ಕಾದೆ, ಬಂತು. ಆಮೇಲೆ ದಿನಾ ಕಿಟಕಿಗೆ ಬಂತು. ಅಷ್ಟು ಮಾಡಿದ ಮೇಲೂ ಬಂತಲ್ಲ, ಅದಕ್ಕೆ ಬುದ್ಧಿ ಇಲ್ಲ."

"ನನಗ್ಯಾಕೆ ಹೇಳಲಿಲ್ಲ ಭಾವ? ಆ ಕಿವಿ ನೋಡಿ ಆಗಿದೆ ಅಂತ ನಾನು ಬಿಟ್ಟುಬಿಟ್ಟೆ!"

"ಗೊತ್ತಾಗಿತ್ತು. ಹೇಳಿದರೆ ಬೋನಿಗೆ ಹಾಕಿ ಒಯ್ತೀಯ, ಒಯ್ದರೆ ನನ್ನ ಹತ್ತಿರ ಮತ್ತೆ ಬರುತ್ತೋ ಇಲ್ಲವೋ ಅಂತ..." ಭಾವ ಬೂದಿಯ ಬೆನ್ನು ಸವರಿದರು. "ಹೊಟ್ಟೆ ಇಷ್ಟಪ್ಪ ಆದಾಗ ನನಗೇ ದಿಗಿಲಾಯ್ತು. ಒಂದು ಮರಿ ಕಂಡರೂ ಅಂತ ಎಲ್ಲರ ಮುಂದೆ ಅಂದವನು ನಾನೇ."

ಹೇಗಿದೆ ನೋಡಿ. ಮಾತು ಕೊಟ್ಟವಳೂ ಷರತ್ತು ಹಾಕಿದವರೂ ಒಂದೇ ಕೋಣೆಯಲ್ಲಿ ಕಳ್ಳರ ಹಾಗೆ ಪಿಸುಗುಟ್ಟುತ್ತಾ ಕೂತರು. ಅವರ ನಡುವೆ ಮರಿಗಳು ಚಪ್ಪರಿಸುತ್ತಾ ಹಾಲು ಕುಡಿಯುತ್ತಿದ್ದವು.

ಆವತ್ತಿಂದ ಅಕ್ಕ ದಿಂಬಿನ ಚೀಲದೊಳಗೆ ಬೂದಿಯ ಊಟ ಇಟ್ಟುಕೊಂಡು ಮಹಡಿಗೆ ಹೋಗಿಬರತೊಡಗಿದಳು. ಗಂಡ ನೋಡಿದ. "ಅಣ್ಣ ದಿಂಬು ತಿನ್ನೋಕೆ ಶುರುಮಾಡಿದಾನಾ?" ಅಂದ. ಅಕ್ಕ ಕೇಳಿಸದವಳ ಹಾಗೆ ಮೆಟ್ಟಿಲು ಹತ್ತಿದಳು. ಮರಿಗಳು ಕಣ್ಣು ಬಿಟ್ಟವು. ನೀಲಿ ಕಣ್ಣು, ಎಲ್ಲವನ್ನೂ ನೀರಿನೊಳಗಿಂದ ನೋಡಿದ ಹಾಗೆ ನೋಡುತ್ತಿದ್ದವು. ಆ ಕೋಣೆಯಲ್ಲಿ ಕೂತರೆ ಅಕ್ಕನಿಗೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಪರದೆ ಆಡುತ್ತಿತ್ತು, ಭಾವ ಅರೆನಿದ್ದೆಯಲ್ಲಿ ಯಾವುದೋ ಸ್ಟೇಷನ್ನಿನ ಹೆಸರು ಗೊಣಗುತ್ತಿದ್ದರು, ಮರಿಗಳು ಅವರ ಎದೆಯ ಮೇಲೆ ಹತ್ತಿ ಇಳಿದು ಮಾಡುತ್ತಿದ್ದವು. ಸಂತೋಷವೇ ಆಗುತ್ತಿತ್ತು ಅವಳಿಗೆ. ಕೆಳಗಿಳಿದೊಡನೆ ಗೋಡೆಯ ಮೇಲಿನ ಬೆಕ್ಕುಗಳು ಕಣ್ಣಿಗೆ ಬಿದ್ದು, ಆ ಸಂತೋಷ ಅಲ್ಲೇ ಇಂಗುತ್ತಿತ್ತು. ಇವುಗಳ ಜೀವ ಈಗ ಒಂದು ಮರಿಯ ಕೂಗಿನ ಮೇಲೆ ನಿಂತಿತ್ತು.

ಮರಿಗೆ ಕಾಲು ಬಂದರೆ ಯಾರ ಮಾತು ಕೇಳುತ್ತದೆ? ಒಂದು ಬೆಳಗ್ಗೆ ಅವುಗಳಲ್ಲಿ ಧೈರ್ಯದ್ದೊಂದು, ಮೆಟ್ಟಿಲು ಮೆಟ್ಟಿಲೂ ಉರುಳಿಕೊಂಡು ಇಳಿದು, ಅಂಗಡಿ ದಾಟಿ, ನೆತ್ತಿಯ ಮೇಲೆ ಹತ್ತಿಯ ಟೊಪ್ಪಿಗೆ ಇಟ್ಟುಕೊಂಡು, ನೇರ ಬೇಕರಿಯ ಮುಂದೆ ಹೋಗಿ ಕೂತು ಗಂಟಲು ಹರಿಯುವಂತೆ ಕೂಗಿತು.

ಬೇಕರಿಯವನು ಅದನ್ನು ಕತ್ತು ಹಿಡಿದೆತ್ತಿಕೊಂಡು ಬಂದ. "ಏನಕ್ಕ ಇದು?"

ಬೀದಿ ಸೇರಿತು. ಬೇಕರಿಯವನು ಕೆಟ್ಟವನಲ್ಲ. ಬೆಕ್ಕುಗಳು ಹೊಲಸು ಮಾಡಿದ ಹಿಟ್ಟಿನ ಮೂಟೆ ಎಸೆದು ಎಸೆದು ರೋಸಿಹೋದವನು, ಅಷ್ಟೇ. "ಮಾತು ಅಂದ ಮೇಲೆ ಮಾತು" ಅಂದು ಫೋನು ಮಾಡಿಯೇಬಿಟ್ಟ. ಅಕ್ಕನ ಬಾಯಿಯ ತುದಿಯಲ್ಲಿ ಭಾವನ ಹೆಸರಿತ್ತು. ಒಂದು ಮಾತು ಅಂದಿದ್ದರೆ ಸಾಕಿತ್ತು. ಅನ್ನಲಿಲ್ಲ. ಹೆಂಡತಿ ಸತ್ತ ಮನುಷ್ಯನನ್ನು ಬೀದಿಯ ಬಾಯಿಗೆ ಹಾಕುವುದೇ?

"ನನ್ನ ತಪ್ಪು" ಅಂದಳು. "ಕಿವಿ ನೋಡಿ ಲೆಕ್ಕ ಹಾಕಿದೆ. ಬಗ್ಗಿ ನೋಡಲಿಲ್ಲ. ಒಂದು ಉಳಿದುಬಿಡ್ತು. ಅದೊಂದನ್ನ ಮಾಡಿಸಿಬಿಟ್ಟರೆ ಮುಗೀತು, ಇನ್ನೊಂದು ಅವಕಾಶ ಕೊಡಿ."

ಜನ ಬೇಕರಿಯವನ ಮುಖ ನೋಡಿದರು, ಅವನು ಬೀದಿಯ ತುದಿ ನೋಡಿದ. ವ್ಯಾನು ಬಂತು. ವ್ಯಾನಿನವನು ಗೋಣಿಚೀಲ ಕೊಡವಿದ. ಆ ಧೂಳಿಗೆ ಗೋಡೆಯ ಮೇಲಿದ್ದ ಬೆಕ್ಕುಗಳು ಕಣ್ಣು ಕಿರಿದು ಮಾಡಿದವೇ ಹೊರತು ಕದಲಲಿಲ್ಲ. ಮನುಷ್ಯರೆಂದರೆ ಊಟ ಹಾಕುವವರು ಅಂತ ಅವಕ್ಕೆ ಕಲಿಸಿದ್ದವಳು ಅಕ್ಕನೇ. ಅದು ನೆನಪಾಗಿ ಅವಳಿಗೆ ದುಃಖ ತಡೆಯಲಾಗಲಿಲ್ಲ, ಎಲ್ಲರೆದುರೇ ಅತ್ತುಬಿಟ್ಟಳು. ಅವಳ ಗಂಡ ಮೊಟ್ಟಮೊದಲ ಸಲ ತಮಾಷೆಗೆ ಮಾತು ಸಿಗದೆ ನಿಂತಿದ್ದ.

"ಆ ಚೀಲ ಕೆಳಗಿಡಪ್ಪ."

ಭಾವ ಮೆಟ್ಟಿಲು ಇಳಿದು ಬಂದರು. ಮಲಗಿದ್ದ ಅಂಗಿ, ಕೆದರಿದ ಕೂದಲು. ತೋಳಲ್ಲಿ ಬೂದಿ, ಅಂಗಿಯ ಮಡಿಲಲ್ಲಿ ಉಳಿದ ಮರಿಗಳು.

"ಇದು ಮರಿ ಹಾಕಿದ್ದು ನನ್ನ ಹಾಸಿಗೆ ಮೇಲೆ. ಇದರ ಕಿವಿ ಹರಿದವನು ನಾನು. ಅವಳು ಮೋಸ ಹೋಗಿದ್ದು ನನ್ನಿಂದ. ಗೊತ್ತಿದ್ದೂ ಬಚ್ಚಿಟ್ಟವನೂ ನಾನೇ."

ಬೇಕರಿಯವನು ತಡವರಿಸಿದ. "ಆದರೆ ಯಜಮಾನ್ರೇ, ಇಷ್ಟೆಲ್ಲ ಮಾಡಿದ್ದು ನಿಮ್ಮ ನಿದ್ದೆಗೋಸ್ಕರ ತಾನೇ?"

"ನನ್ನ ನಿದ್ದೆ!" ಭಾವ ಸುತ್ತ ನೋಡಿದರು. ಕೂಗಾಡುತ್ತಾರೆ ಅಂದುಕೊಂಡರೆ ದನಿ ಇಳಿದುಹೋಯಿತು. "ಬೀದಿ ಸುಮ್ಮನಾಯ್ತಲ್ಲ, ಆಮೇಲೂ ನನಗೆ ನಿದ್ದೆ ಬರಲಿಲ್ಲ. ಒಂದು ರಾತ್ರಿಯೂ ಬರಲಿಲ್ಲ. ಭರ್ಜರಿ ಅಂತ ಸುಳ್ಳು ಹೇಳ್ತಿದ್ದೆ. ಬೆಕ್ಕು ಕೂಗ್ತಿದ್ದಾಗಲೇ ವಾಸಿಯಿತ್ತು, ಏನೋ ಒಂದು ಸದ್ದಾದರೂ ಇತ್ತು. ನನ್ನವಳು ಹೋದ ಮೇಲೆ ಆ ಕೋಣೇಲಿ ಇನ್ನೊಂದು ಉಸಿರಿಲ್ಲ. ಕತ್ತಲಾದರೆ ನನಗೆ ಹೆದರಿಕೆ ಆಗುತ್ತೆ. ಕೊನೆಗೆ ಇದು ಕಿಟಕಿ ಬಿಟ್ಟು ಒಳಗೆ ಬಂದು ಕಾಲ ಹತ್ತಿರ ಮಲಗಿದ ಮೇಲೇ ನಾನು ಕಣ್ಣು ಮುಚ್ಚಿದ್ದು."

ಆಯುಷ್ಯವೆಲ್ಲ ಕತ್ತಲಲ್ಲೇ ರೈಲು ಓಡಿಸಿದ ಮನುಷ್ಯ ಆಡಿದ ಮಾತು ಅದು. ಬೇಕರಿಯವನು ಕೈಯಲ್ಲಿದ್ದ ಮರಿಯ ತಲೆಯಿಂದ ಹತ್ತಿಯ ಎಳೆಯನ್ನು ತೆಗೆದು, ಅದನ್ನು ಹಿಂದಕ್ಕೆ ಕೊಡಲು ಕೈ ಚಾಚಿದ. ಆಮೇಲೆ ಏನನ್ನಿಸಿತೋ, ಚಾಚಿದ ಕೈ ಹಿಂದಕ್ಕೆಳೆದುಕೊಂಡ. "ಇದು ದೊಡ್ಡದಾಗಲಿ. ಇಲಿ ಹಿಡಿಯೋಕೆ ನನಗೇ ಇರಲಿ. ಆಪರೇಷನ್ ಮಾಡಿಸಿಕೊಡಬೇಕು ಮತ್ತೆ" ಅಂದ. ವ್ಯಾನಿನವನಿಗೆ ಒಂದು ಬನ್ನು ಕೊಟ್ಟು ಸಾಗಹಾಕಿದ.

ಜನ ಕರಗಿದರು. ಅಕ್ಕನಿಗೆ ಅಷ್ಟು ಹೊತ್ತು ಅಳು ಇದ್ದ ಜಾಗದಲ್ಲಿ ಸಿಟ್ಟು ಉಕ್ಕಿತು.

"ಇಷ್ಟು ಕಾಲ ಬಾಯಲ್ಲಿ ಏನಿಟ್ಟುಕೊಂಡಿದ್ರಿ ಭಾವ? ಹಾಸಿಗೆ ಗಟ್ಟಿ ಅಂದ್ರಿ, ಮೆತ್ತಗೆ ಅಂದ್ರಿ, ಬಿಚ್ಚಿ ಹೊಲಿದು ಬಿಚ್ಚಿ ಹೊಲಿದು ನನ್ನ ಬೆರಳು ತೂತಾಯ್ತು! ಹೆದರಿಕೆ ಅಂತ ಒಂದು ಮಾತು ಹೇಳೋಕೆ ಆಗಲಿಲ್ವಾ?"

"ತಮ್ಮನ ಹೆಂಡತಿ ಹತ್ತಿರ ಹಾಗೆಲ್ಲ ಹೇಳೋಕಾಗುತ್ತೇನಮ್ಮ?"

"ಹೇಳಬೇಕು! ಮನೆಯವರು ಅಂತ ಮತ್ಯಾಕಿರೋದು?" ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. "ಒಂದು ಮಾತು ಈಗಲೇ ಹೇಳ್ತೀನಿ. ಮರಿಗಳು ಹಾಲು ಬಿಟ್ಟ ಮೇಲೆ ಬೂದಿಗೆ ಆಪರೇಷನ್. ಅದರಲ್ಲಿ ರಾಜಿ ಇಲ್ಲ."

"ಬೋನು ಬೇಡ. ನಾನೇ ಎತ್ಕೊಂಡು ಬರ್ತೀನಿ" ಅಂದರು ಭಾವ. "ಆದರೆ ಸಿಟ್ಟು ಮಾಡಿಕೊಂಡು ಅದು ಹೋಗಿಬಿಟ್ಟರೆ?"

ಬೀದಿಯ ಬೆಕ್ಕು, ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅದಕ್ಕೇ ಗಂಡನ ಕಡೆ ನೋಡಿದಳು, ಎಂದಿನ ಹಾಗೆ ಏನಾದರೂ ಹಾಸ್ಯ ಮಾಡಿ ಗಾಳಿ ಹಗುರ ಮಾಡಲಿ ಅಂತ. ಅವನು ಅಲ್ಲಿರಲಿಲ್ಲ. ಒಳಗೆ ಹೋಗಿದ್ದವನು ತನ್ನ ದಿಂಬನ್ನೂ ಹೊದಿಕೆಯನ್ನೂ ಕಂಕುಳಲ್ಲಿ ಇರುಕಿಕೊಂಡು ಬಂದ.

"ರೀ, ಎಲ್ಲಿಗೆ?"

"ಮೇಲಕ್ಕೆ. ಇವತ್ತಿಂದ ಅಣ್ಣನ ಕೋಣೇಲಿ ಮಲಗ್ತೀನಿ" ಅಂದ. ಅವನ ದನಿ ಒಡೆದಿತ್ತು. "ನನ್ನ ತಲೆ ಮೇಲೇ ಮಲಗ್ತಿದ್ದನಲ್ಲೇ. ಅಲ್ಲಿ ಅವನೊಬ್ಬನೇ ಇದಾನೆ ಅಂತ ನನಗೆ ಒಂದು ದಿನವೂ ಹೊಳೀಲಿಲ್ಲ."

ಭಾವ "ಹೋಗೋ, ನಿನ್ನ ಗೊರಕೆ ಯಾರು ಕೇಳ್ತಾರೆ" ಅಂದರು, ಅನ್ನುತ್ತಲೇ ತಮ್ಮ ಹತ್ತಲಿ ಅಂತ ಮೆಟ್ಟಿಲಿನ ಒಂದು ಪಕ್ಕಕ್ಕೆ ಸರಿದು ನಿಂತರು.